ಶಾಲೆಯ ಸಂಶೋಧನಾ ಪ್ರಬಂಧ: ಯಾವಾಗ ಬರೆಯಲು ಕೂರಬೇಕು, ವಾರವಾರ ಏನು ಮಾಡಬೇಕು

ಡಿಸೆಂಬರ್ 10ಕ್ಕೆ 3000 ಪದಗಳ ಸಂಶೋಧನಾ ಪ್ರಬಂಧ ಒಪ್ಪಿಸಬೇಕು ಎಂದಿಟ್ಟುಕೊಳ್ಳಿ. ಚಿತ್ರದುರ್ಗ, ದಾವಣಗೆರೆ ಕಡೆಯ ಹೈಸ್ಕೂಲು, ಪಿಯು ಮಕ್ಕಳನ್ನು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: 'ದಸರಾ ರಜೆಯಲ್ಲಿ ಕೂತು ಬರೆದರಾಯ್ತು.' ದಸರಾ ರಜೆ ಬರೆಯಲು ಒಳ್ಳೆಯ ಹೊತ್ತು ಹೌದು. ಆದರೆ ಆ ರಜೆಯೊಳಗೆ ಮೊದಲ ಕರಡು ಮುಗಿಯುವಂತಿರಬೇಕು. ಕೆಲಸ ಶುರುವಾಗಬೇಕಾದ್ದು ಜುಲೈ ನಾಲ್ಕನೇ ವಾರದಲ್ಲಿ, ಪೆನ್ನು ಕಾಗದಕ್ಕೆ ತಾಗಬೇಕಾದ್ದೂ ಅದೇ ವಾರದಲ್ಲಿ. ಓದೆಲ್ಲ ಮುಗಿದ ಮೇಲೆ ಬರೆಯೋಣ ಎಂದು ಕಾದವರಿಗೆ ಓದು ಮುಗಿಯುವುದೇ ಇಲ್ಲ.

ಜುಲೈ ಯಾಕೆ ಎನ್ನುವುದಕ್ಕೆ ಸರಳವಾದ ಲೆಕ್ಕವಿದೆ.

ಗಂಟೆಗಳ ಲೆಕ್ಕ

3000 ಪದಗಳ ಪ್ರಬಂಧಕ್ಕೆ ಆರು ಒಳ್ಳೆಯ ಆಕರಗಳಾದರೂ ಬೇಕು. ಒಂದೊಂದನ್ನು ಓದಿ ಟಿಪ್ಪಣಿ ಮಾಡಲು ಎರಡೂವರೆ ಗಂಟೆ ಹಿಡಿದರೆ 15 ಗಂಟೆ. ಕ್ಷೇತ್ರಕಾರ್ಯಕ್ಕೆ ಎರಡು ದಿನ, ದಿನಕ್ಕೆ ಆರರಂತೆ 12 ಗಂಟೆ. ಸಂದರ್ಶನದ ರೆಕಾರ್ಡಿಂಗನ್ನು ಬರಹಕ್ಕಿಳಿಸಿ ಟಿಪ್ಪಣಿ ಹೊಂದಿಸಲು 8. ಅಭ್ಯಾಸವಿಲ್ಲದ ಕೈ ಗಂಟೆಗೆ 250 ಪದ ಬರೆದೀತು, ಹಾಗಾಗಿ ಮೊದಲ ಕರಡಿಗೆ 12. ಎರಡನೇ ಕರಡಿಗೆ 9. ಟೈಪಿಂಗ್, ನಕ್ಷೆ, ಕೋಷ್ಟಕ, ಆಕರಪಟ್ಟಿಗೆ 8. ಒಟ್ಟು 64 ಗಂಟೆ.

ಶಾಲೆ, ಟ್ಯೂಷನ್, ಮನೆಗೆಲಸದ ನಡುವೆ ವಾರಕ್ಕೆ ನಾಲ್ಕು ಗಂಟೆ ಸಿಕ್ಕರೆ ಹೆಚ್ಚು. ಅಲ್ಲಿಗೆ 16 ವಾರ. ಇದಕ್ಕೆ ಕೈಬಿಟ್ಟುಹೋಗುವ ವಾರಗಳನ್ನು ಸೇರಿಸಿ: ಗಣೇಶನ ಹಬ್ಬಕ್ಕೆ ಒಂದು, ಅರ್ಧವಾರ್ಷಿಕ ಪರೀಕ್ಷೆಗೆ ಎರಡು, ದೀಪಾವಳಿಗೆ ಒಂದು. 20 ವಾರ ಆಯಿತು. ಡಿಸೆಂಬರ್ 10ರಿಂದ 20 ವಾರ ಹಿಂದಕ್ಕೆ ಎಣಿಸಿದರೆ ಜುಲೈ 23ಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಶಾಲೆಯ ಗಡುವು ಬೇರೆಯಾಗಿದ್ದರೆ ಆ ದಿನದಿಂದ ಇದೇ ಲೆಕ್ಕ ಹಾಕಿ. 1500 ಪದಗಳ ಪ್ರಬಂಧವಾದರೆ ಅವಧಿ ಅರ್ಧವಾಗುತ್ತದೆ ಎಂದುಕೊಳ್ಳಬೇಡಿ. ಬರವಣಿಗೆಯ ಗಂಟೆ ಅರ್ಧವಾಗುತ್ತದೆ, ಓದಿನ ಗಂಟೆ ಅಷ್ಟು ಇಳಿಯುವುದಿಲ್ಲ. ಅದಕ್ಕೆ 13 ವಾರವಾದರೂ ಇಟ್ಟುಕೊಳ್ಳಿ.

ಇಷ್ಟು ಮಾಡಿದರೂ ಲೆಕ್ಕ ಪೂರ್ತಿಯಾಗಲಿಲ್ಲ. ನಿಮ್ಮ ಕ್ಯಾಲೆಂಡರಿನ ಜೊತೆಗೆ ವಿಷಯಕ್ಕೂ ಅದರದೇ ಕ್ಯಾಲೆಂಡರ್ ಇರುತ್ತದೆ, ಮಕ್ಕಳು ಎಡವುವುದು ಹೆಚ್ಚಾಗಿ ಅಲ್ಲೇ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ರಥೋತ್ಸವ ನಡೆಯುವುದು ಫಾಲ್ಗುಣದಲ್ಲಿ. ಡಿಸೆಂಬರಿನಲ್ಲಿ ಒಪ್ಪಿಸುವ ಪ್ರಬಂಧಕ್ಕೆ ಜಾತ್ರೆಯನ್ನು ಕಣ್ಣಾರೆ ನೋಡಬೇಕಾದರೆ ಹಿಂದಿನ ಮಾರ್ಚ್‌ನಲ್ಲೇ ನೋಡಿರಬೇಕು. ದಾವಣಗೆರೆಯ ದುರ್ಗಾಂಬಿಕಾ ಜಾತ್ರೆಯಂತೂ ಎರಡು ವರ್ಷಕ್ಕೊಮ್ಮೆ. ಚಳ್ಳಕೆರೆ ಸೀಮೆಯ ಶೇಂಗಾ ಬಗ್ಗೆ ಬರೆಯುವವರಿಗೆ ಮುಂಗಾರು ಬಿತ್ತನೆ ಜೂನ್–ಜುಲೈನಲ್ಲಿ, ಕೀಳುವುದು ಅಕ್ಟೋಬರ್ ಹೊತ್ತಿಗೆ. ಎರಡನ್ನೂ ನೋಡಬೇಕಾದರೆ ಎರಡು ಸಲ ಹೋಗಬೇಕು. ದುರ್ಗದ ಕೋಟೆಯ ಹೊಂಡಗಳಲ್ಲಿ ನೀರು ಹೇಗೆ ಇಳಿದು ನಿಲ್ಲುತ್ತದೆ ಎಂಬ ವಿಷಯವಾದರೆ ಬಿಸಿಲಿನಲ್ಲಿ ಒಮ್ಮೆ, ಮಳೆಯ ನಂತರ ಒಮ್ಮೆ ಹತ್ತದೆ ಗತಿಯಿಲ್ಲ.

ಆದ್ದರಿಂದ ಮೊದಲ ದಿನವೇ ಒಂದು ಹಾಳೆ ತೆಗೆದುಕೊಂಡು ಎರಡು ಕಾಲಂ ಎಳೆಯಿರಿ. ಎಡಕ್ಕೆ ಪ್ರಬಂಧಕ್ಕೆ ಬೇಕಾದ ಸಾಮಗ್ರಿ, ಬಲಕ್ಕೆ ಅದು ಸಿಗುವ ದಿನ. ಎಲ್ಲಕ್ಕಿಂತ ಮುಂಚಿನ ದಿನಾಂಕ ಯಾವುದೋ ಅದೇ ನಿಮ್ಮ ಆರಂಭದ ದಿನ.

ವಿಷಯದಿಂದ ಪ್ರಶ್ನೆಗೆ: ಮೊದಲ ಎರಡು ವಾರ

'ವಾಣಿವಿಲಾಸ ಸಾಗರ' ಎಂಬುದು ವಿಷಯ, ಪ್ರಶ್ನೆಯಾಗಲಿಲ್ಲ. ಆ ಶೀರ್ಷಿಕೆ ಇಟ್ಟುಕೊಂಡು ಹೊರಟವರು ಅಣೆಕಟ್ಟೆ ಯಾರು ಕಟ್ಟಿಸಿದರು, ಎಷ್ಟು ಎತ್ತರ, ಎಷ್ಟು ಎಕರೆಗೆ ನೀರು ಎಂದು ಬರೆದು ಮುಗಿಸುತ್ತಾರೆ. ಅದು ಮಾಹಿತಿ ಫಲಕದ ಮೇಲೆ ಈಗಾಗಲೇ ಇದೆ.

ಪ್ರಶ್ನೆ ಹುಟ್ಟುವುದು ಹೀಗೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟೆ ಪೂರ್ಣಗೊಂಡದ್ದು 1907ರಲ್ಲಿ. ಗರಿಷ್ಠ ಮಟ್ಟ 130 ಅಡಿ. ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು, 89 ವರ್ಷ. ಮೂರನೇ ಸಲ 2025ರ ಜನವರಿಯಲ್ಲಿ, ಅಂದರೆ ಎರಡೂವರೆ ವರ್ಷದೊಳಗೇ. ಈ ಅಂತರಗಳನ್ನು ಒಂದರ ಕೆಳಗೊಂದು ಬರೆದ ಕೂಡಲೇ ಪ್ರಶ್ನೆ ತಾನಾಗಿ ಎದ್ದು ನಿಲ್ಲುತ್ತದೆ: ಏನು ಬದಲಾಯಿತು? ಒಂದು ಕಡೆ 2022ರ ಜೋರು ಮಳೆ, ಇನ್ನೊಂದು ಕಡೆ ಭದ್ರಾ ಮೇಲ್ದಂಡೆ ಯೋಜನೆಯಿಂದ ಹರಿದುಬಂದ ನೀರು. 'ಕೋಡಿ ಬೀಳುವುದರಲ್ಲಿ ಮಳೆಯ ಪಾಲೆಷ್ಟು, ಭದ್ರಾ ನೀರಿನ ಪಾಲೆಷ್ಟು?' ಇದು ಸಂಶೋಧನೆಯ ಪ್ರಶ್ನೆ. ಉತ್ತರ ಈ ಕಡೆಗೂ ಬರಬಹುದು, ಆ ಕಡೆಗೂ ಬರಬಹುದು. ಅದನ್ನು ಅಳೆಯಲು ಮಳೆ ಪ್ರಮಾಣ, ಜಲಾಶಯದ ಮಟ್ಟ, ಹರಿಸಿದ ನೀರಿನ ಲೆಕ್ಕ ಎಂಬ ಮೂರು ಬಗೆಯ ದಾಖಲೆಗಳಿವೆ.

ಪ್ರಶ್ನೆ ಗಟ್ಟಿಯಾಗಿದೆಯೇ ಎಂದು ನೋಡಲು ಅದನ್ನು ಮನೆಯಲ್ಲಿ ದೊಡ್ಡವರಿಗೆ ಒಂದೇ ವಾಕ್ಯದಲ್ಲಿ ಹೇಳಿ. 'ಹೌದಲ್ಲ, ಯಾಕೆ?' ಎಂದು ಅವರು ಮರುಪ್ರಶ್ನೆ ಹಾಕಿದರೆ ಸರಿಯಾಗಿದೆ. 'ಒಳ್ಳೇದು, ಬರಿ' ಎಂದು ಸುಮ್ಮನಾದರೆ ಇನ್ನೂ ಅಗಲವಾಗಿದೆ.

ಜೊತೆಗೆ ಒಂದು ಬದಲಿ ಪ್ರಶ್ನೆಯನ್ನೂ ಈಗಲೇ ಬರೆದಿಡಿ. ನೀರಿನ ಲೆಕ್ಕ ಆಗಸ್ಟ್ ಕೊನೆಯೊಳಗೆ ಸಿಗದಿದ್ದರೆ 'ಕಾಲುವೆ ಕೆಳಗಿನ ಒಂದು ಊರಿನಲ್ಲಿ 2022ರ ನಂತರ ಬೆಳೆ ಹೇಗೆ ಬದಲಾಯಿತು' ಎಂಬುದಕ್ಕೆ ತಿರುಗಿಕೊಳ್ಳಬಹುದು, ಅಷ್ಟರವರೆಗಿನ ಓದು ವ್ಯರ್ಥವಾಗುವುದಿಲ್ಲ. ಸರ್ಕಾರಿ ಅಂಕಿಅಂಶವನ್ನು ಮಾಹಿತಿ ಹಕ್ಕಿನಡಿ ಕೇಳುವುದಾದರೆ ಕಾನೂನು ಕೊಟ್ಟಿರುವ ಅವಧಿ 30 ದಿನ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಉತ್ತರ ಬಾರದೆ ಮೇಲ್ಮನವಿ ಹಾಕಬೇಕಾದರೆ ಇನ್ನೊಂದು ತಿಂಗಳು ಹೋಯಿತು. ಜುಲೈನಲ್ಲಿ ಹಾಕಿದ ಅರ್ಜಿ ಉಪಯೋಗಕ್ಕೆ ಬಂದೀತು, ಅಕ್ಟೋಬರಿನಲ್ಲಿ ಹಾಕಿದ್ದು ಬರುವುದು ಕಷ್ಟ. ಅರ್ಜಿಯನ್ನು ಅಪ್ಪ, ಅಮ್ಮ ಅಥವಾ ಶಿಕ್ಷಕರ ಹೆಸರಿನಲ್ಲಿ ಹಾಕಿಸಿ.

ಓದುತ್ತಲೇ ಬರೆಯುವುದು: ಮೂರನೇ ವಾರದಿಂದ

ಓದು ಶುರು ಮಾಡುವ ಮುಂಚೆ 200 ಪದಗಳ ಒಂದು ಪುಟ ಬರೆಯಿರಿ: 'ಈ ಪ್ರಶ್ನೆಗೆ ಉತ್ತರ ಹೀಗಿರಬಹುದು ಎಂದು ಈಗ ನನಗನ್ನಿಸುತ್ತದೆ, ಏಕೆಂದರೆ...' ತಪ್ಪಿದ್ದರೂ ಇರಲಿ. ನವೆಂಬರಿನಲ್ಲಿ ಈ ಪುಟ ತೆಗೆದು ನೋಡಿದಾಗ ನಿಮ್ಮ ತಿಳಿವಳಿಕೆ ಎಲ್ಲಿಂದ ಎಲ್ಲಿಗೆ ಬಂತು ಎಂಬುದು ಕಾಣುತ್ತದೆ, ಪೀಠಿಕೆಗೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದಿಲ್ಲ. ಆಮೇಲೆ ಒಂದೊಂದು ಆಕರ ಮುಗಿದಾಗಲೂ ಪುಸ್ತಕ ಮುಚ್ಚಿಟ್ಟು ಅದು ಹೇಳಿದ್ದನ್ನು 100 ಪದಗಳಲ್ಲಿ ಸ್ವಂತ ಮಾತಿನಲ್ಲಿ ಬರೆಯಿರಿ. ಆರು ಆಕರಕ್ಕೆ 600 ಪದ. ದಸರಾ ಬರುವ ಹೊತ್ತಿಗೆ ಖಾಲಿ ಹಾಳೆ ಎದುರಿಗಿರುವುದಿಲ್ಲ.

ಟಿಪ್ಪಣಿಗೆ 200 ಪುಟದ ಒಂದು ನೋಟ್‌ಬುಕ್ ಮೀಸಲಿಡಿ. ಎಡಪುಟದಲ್ಲಿ ಪುಸ್ತಕದ ಹೆಸರು, ಪ್ರಕಟವಾದ ವರ್ಷ, ಪುಟಸಂಖ್ಯೆ, ಉದ್ಧರಣ ಚಿಹ್ನೆಯೊಳಗೆ ಮೂಲ ವಾಕ್ಯ. ಬಲಪುಟದಲ್ಲಿ ನಿಮ್ಮ ಮಾತು. ಎರಡೂ ಒಂದೇ ಪುಟದಲ್ಲಿ ಬೆರೆತರೆ ಮೂರು ತಿಂಗಳ ನಂತರ ಯಾವುದು ನಿಮ್ಮದು, ಯಾವುದು ಪುಸ್ತಕದ್ದು ಎಂದು ನಿಮಗೇ ಗೊತ್ತಾಗುವುದಿಲ್ಲ. ಮಕ್ಕಳ ಪ್ರಬಂಧಗಳಲ್ಲಿ ಕಾಣುವ ನಕಲಿಗೆ ಬಹಳ ಸಲ ಕಾರಣ ದುರುದ್ದೇಶವಲ್ಲ, ಇಂಥ ಬೆರಕೆ ಟಿಪ್ಪಣಿ. ಪುಟಸಂಖ್ಯೆ ಬಿಟ್ಟರೆ ಅದೊಂದಕ್ಕಾಗಿ ಹೊಸದುರ್ಗದಿಂದಲೋ ಮೊಳಕಾಲ್ಮುರಿನಿಂದಲೋ ಬಸ್ಸು ಹತ್ತಿ ಮತ್ತೆ ದುರ್ಗದ ಗ್ರಂಥಾಲಯಕ್ಕೆ ಬರಬೇಕಾಗುತ್ತದೆ.

ಈ ಎರಡು ಜಿಲ್ಲೆಗಳ ಆಕರಗಳಲ್ಲಿ ಬೀಳುವ ಗುಂಡಿಗಳು

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಇಲ್ಲಿ ತಪ್ಪಿದರೆ ಇಡೀ ಪ್ರಬಂಧದ ಲೆಕ್ಕ ತಪ್ಪುತ್ತದೆ.

ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು, ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು, ಹರಪನಹಳ್ಳಿ ಬಳ್ಳಾರಿಯಲ್ಲಿತ್ತು. ಚಿತ್ರದುರ್ಗದ 1991ರ ಜನಗಣತಿಯನ್ನು 2001ರದ್ದರ ಪಕ್ಕ ಇಟ್ಟರೆ ಜನಸಂಖ್ಯೆ ಧಡಾರನೆ ಕುಸಿದಂತೆ ಕಾಣುತ್ತದೆ. 'ಬರಗಾಲದಿಂದ ಜನ ಗುಳೆ ಹೋದರು' ಎಂದು ವಿವರಣೆ ಕೊಡಲು ಮನಸ್ಸಾಗುತ್ತದೆ. ಜನ ಎಲ್ಲೂ ಹೋಗಿರಲಿಲ್ಲ, ಜಿಲ್ಲೆಯ ಗಡಿ ಸರಿದಿತ್ತು. 2011ರ ಜನಗಣತಿಯಲ್ಲಿ ಚಿತ್ರದುರ್ಗದ ಜನಸಂಖ್ಯೆ 16,59,456, ದಾವಣಗೆರೆಯದು 19,45,497. ಎರಡನೆಯ ಸಂಖ್ಯೆಯೊಳಗೆ ಹರಪನಹಳ್ಳಿಯೂ ಇದೆ, ಆದರೆ ಆ ತಾಲ್ಲೂಕು ಆಮೇಲೆ ಬಳ್ಳಾರಿಗೆ ಮರಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಇದಕ್ಕೆ ಪರಿಹಾರ ಸುಲಭ: ಜಿಲ್ಲೆಯ ಅಂಕಿ ಬಿಟ್ಟು ತಾಲ್ಲೂಕಿನ ಅಂಕಿಯನ್ನು ಹೋಲಿಸಿ.

ಶಾಸನ ಹುಡುಕುವವರಿಗೂ ಇದೇ ತೊಡಕು. ಬಿ. ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಚಿತ್ರದುರ್ಗ ಜಿಲ್ಲೆಯದು 11ನೇ ಸಂಪುಟ. 1224ರಲ್ಲಿ ಹೊಯ್ಸಳರ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನ ಅದರಲ್ಲೇ, ದಾವಣಗೆರೆ ತಾಲ್ಲೂಕಿನ ಭಾಗದಲ್ಲಿ ಸಿಗುತ್ತದೆ. ಸೂಳೆಕೆರೆ ಸುತ್ತಲಿನ ಶಾಸನ ಬೇಕಾದರೆ ಅಲ್ಲಿ ತಡಕಿ ಫಲವಿಲ್ಲ, ಚನ್ನಗಿರಿ ಇರುವುದು ಶಿವಮೊಗ್ಗದ 7ನೇ ಸಂಪುಟದಲ್ಲಿ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಊರಿನ ಹೆಸರೂ ಬೇರೆ: ಚಿತ್ರದುರ್ಗ ಅಲ್ಲಿ 'ಚಿತಲ್‌ಡ್ರೂಗ್'. ಹೀಗೆ ಹುಡುಕದಿದ್ದರೆ ಇಂಟರ್ನೆಟ್ಟಿನಲ್ಲಿ ಸ್ಕ್ಯಾನ್ ಆಗಿ ಕೂತಿರುವ ನೂರು ವರ್ಷದ ಹಿಂದಿನ ವರದಿಗಳು ಕಣ್ಣಿಗೇ ಬೀಳುವುದಿಲ್ಲ.

ಆಕರದ ವಯಸ್ಸನ್ನೂ ನೋಡಬೇಕು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರ್ 1947ರಲ್ಲಿ ಉತ್ಖನನ ನಡೆಸಿದಾಗ ಅಲ್ಲಿನ ಕಲ್ಲುಕೊಡಲಿ ಸಂಸ್ಕೃತಿಗೆ ಕಟ್ಟಿದ ಕಾಲ, ನಂತರ ಬಂದ ರೇಡಿಯೋಕಾರ್ಬನ್ ಪರೀಕ್ಷೆಗಳಿಂದ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಯಿತು. ಹಳೆಯ ಪುಸ್ತಕದ ಅಂಕಿ ಹಾಕುವುದಾದರೆ ಅದು ಯಾವ ವರ್ಷದ ಅಭಿಪ್ರಾಯ ಎಂಬುದನ್ನೂ ಬರೆಯಿರಿ.

ಬೆಣ್ಣೆದೋಸೆಯ ಮೂಲ, ಓಬವ್ವನ ಪ್ರಸಂಗ ಇಂಥವುಗಳಿಗೆ ಹತ್ತು ವೆಬ್‌ಸೈಟ್ ಸಿಗುತ್ತವೆ. ಹತ್ತರಲ್ಲೂ ಅದೇ ವಾಕ್ಯವಿದ್ದರೆ ಅದು ಹತ್ತು ಆಕರವಲ್ಲ, ಒಂದೇ. ಎಐ ಆ್ಯಪ್‌ಗಳು ಇಲ್ಲದ ಪುಸ್ತಕದ ಹೆಸರನ್ನು ಇರುವಂತೆಯೇ ಹೇಳಿಬಿಡುತ್ತವೆ. ಕೈಯಲ್ಲಿ ಹಿಡಿದು ನೋಡದ ಪುಸ್ತಕವನ್ನು ಆಕರಪಟ್ಟಿಗೆ ಸೇರಿಸಬೇಡಿ.

ಕ್ಷೇತ್ರಕಾರ್ಯ: ಆಗಸ್ಟ್ ಮತ್ತು ಸೆಪ್ಟೆಂಬರ್

ನೋಡಿದ್ದನ್ನು ಅದೇ ರಾತ್ರಿ ಬರೆಯಬೇಕು. ಮರುದಿನಕ್ಕೆ ಬಿಟ್ಟರೆ ವಿವರ ಹೋಗಿ ಅಭಿಪ್ರಾಯ ಮಾತ್ರ ಉಳಿಯುತ್ತದೆ. 'ಕೆರೆಯಲ್ಲಿ ನೀರು ತುಂಬಾ ಕಡಿಮೆ ಇತ್ತು' ಎಂಬ ಟಿಪ್ಪಣಿಯಿಂದ ಏನೂ ಬರೆಯಲಾಗುವುದಿಲ್ಲ. ಇದನ್ನು ನೋಡಿ: 'ಬೆಳಿಗ್ಗೆ 8.20, ಕೆರೆ ಏರಿಯ ಮೇಲೆ. ತೂಬಿನ ಕಲ್ಲುಕಂಬದಲ್ಲಿ ಹಳೆಯ ನೀರಿನ ಗುರುತು ಬಿಳಿ ಗೆರೆಯಾಗಿ ಕಾಣುತ್ತದೆ. ಈಗಿನ ನೀರು ಅದಕ್ಕಿಂತ ಒಂದು ಮೊಳ, ನಾಲ್ಕು ಬೆರಳು ಕೆಳಗಿದೆ. ಕೆರೆಯಂಗಳದ ಪಶ್ಚಿಮ ಭಾಗದಲ್ಲಿ ಜಾಲಿ ಬೆಳೆದಿದೆ, ಗಿಡಗಳು ನನ್ನ ಎದೆ ಮಟ್ಟ.' ಇದರಿಂದ ಒಂದು ಪ್ಯಾರಾ ಹುಟ್ಟುತ್ತದೆ. ಫೋಟೋ ತೆಗೆಯುವಾಗ ಅಳತೆಗೆ ಒಂದು ಸ್ಕೇಲನ್ನೋ ನೋಟ್‌ಬುಕ್ಕನ್ನೋ ಪಕ್ಕದಲ್ಲಿಡಿ.

ಸಂದರ್ಶನದಲ್ಲಿ ಗೊತ್ತಿರಬೇಕಾದ ಮುಖ್ಯ ಲೆಕ್ಕ: ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕು ಗಂಟೆ ಬೇಕು. ಹಾಗಾಗಿ ಐದು ಜನರನ್ನು ಗಂಟೆಗಟ್ಟಲೆ ಮಾತಾಡಿಸುವ ಬದಲು ಮೂವರನ್ನು ಅರ್ಧರ್ಧ ಗಂಟೆ, ಎಂಟು ಪ್ರಶ್ನೆಗಳೊಂದಿಗೆ ಮಾತಾಡಿಸಿ. ದಾವಣಗೆರೆಯ ಹತ್ತಿ ಗಿರಣಿಗಳ ನಿವೃತ್ತ ಕಾರ್ಮಿಕರ ಹತ್ತಿರ ಹೋಗಿ 'ಆ ಕಾಲ ಹೇಗಿತ್ತು?' ಎಂದರೆ 'ಚೆನ್ನಾಗಿತ್ತಪ್ಪ' ಎನ್ನುತ್ತಾರೆ. 'ಯಾವ ಪಾಳಿ ಮಾಡ್ತಿದ್ರಿ? ಸೈರನ್ ಎಷ್ಟಕ್ಕೆ ಆಗ್ತಿತ್ತು? ಮೊದಲ ಸಂಬಳ ಎಷ್ಟು, ಅದರಲ್ಲಿ ಏನು ತಂದ್ರಿ?' ಎಂದು ಕೇಳಿದರೆ ಆ ಕಾಲ ತಾನೇ ಹೊರಬರುತ್ತದೆ. ಇಸವಿ ನೆನಪಿಲ್ಲ ಎಂದರೆ 'ದೊಡ್ಡ ಮಗಳ ಮದುವೆಗೆ ಮುಂಚೆಯೋ ಆಮೇಲೋ?' ಎಂದು ಕೇಳಿ ಲೆಕ್ಕ ಹಿಡಿಯಿರಿ. ರೆಕಾರ್ಡ್ ಮಾಡಲು ಮೊದಲೇ ಒಪ್ಪಿಗೆ ಕೇಳಿ, ಹೆಸರು ಹಾಕಬಹುದೇ ಎಂದು ಕೊನೆಗೆ ಬೇರೆಯಾಗಿ ಕೇಳಿ. ಅವರಾಡಿದ ಮಾತನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದಬೇಡಿ, ಅದರ ಬೆಲೆ ಇರುವುದೇ ಆ ಮಾತಿನಲ್ಲಿ.

ದಸರಾ ರಜೆ: ಮೊದಲ ಕರಡು

ದಿನಕ್ಕೆ ಎರಡು ಗಂಟೆಯಂತೆ ಆರು ದಿನ. ಆಯುಧಪೂಜೆಗೆ ಪುಸ್ತಕಗಳನ್ನು ಪೂಜೆಗಿಟ್ಟರೆ ವಿಜಯದಶಮಿವರೆಗೆ ಮುಟ್ಟುವಂತಿಲ್ಲ ಎಂಬ ಮನೆಗಳು ನಮ್ಮಲ್ಲಿ ಬಹಳ. ಆ ದಿನಗಳನ್ನು ಮೊದಲೇ ಬಿಟ್ಟು ಎಣಿಸಿಕೊಳ್ಳಿ.

ಪೀಠಿಕೆಯಿಂದ ಶುರು ಮಾಡಬೇಡಿ. ಯಾವ ಭಾಗಕ್ಕೆ ನಿಮ್ಮ ಹತ್ತಿರ ಗಟ್ಟಿಯಾದ ಸಾಕ್ಷ್ಯವಿದೆಯೋ ಅಲ್ಲಿಂದ ಶುರು ಮಾಡಿ. 3000 ಪದ ಹೆಚ್ಚುಕಡಿಮೆ ಹೀಗೆ ಹಂಚಿಕೆಯಾಗಬೇಕು: ಪೀಠಿಕೆ 300, ಹಿನ್ನೆಲೆ 500, ಮಾಹಿತಿ ಕಲೆಹಾಕಿದ ವಿಧಾನ 250, ಸಾಕ್ಷ್ಯದ ಮೂರು ಭಾಗ ಸೇರಿ 1500, ಚರ್ಚೆ 300, ಕೊನೆಯ ಉತ್ತರ 150. ಕೈಮೀರುವುದು ಯಾವಾಗಲೂ ಹಿನ್ನೆಲೆ. ಕೋಟೆಯ ನೀರಿನ ವ್ಯವಸ್ಥೆ ಬಗ್ಗೆ ಬರೆಯಲು ಹೊರಟವರು ತಿಮ್ಮಣ್ಣನಾಯಕನಿಂದ ಹಿಡಿದು 1779ರಲ್ಲಿ ದುರ್ಗ ಹೈದರಾಲಿಯ ಕೈಸೇರುವವರೆಗೆ ಪಾಳೇಗಾರರ ಇತಿಹಾಸವನ್ನೆಲ್ಲ ಬರೆದು 1500 ಪದ ಮುಗಿಸಿರುತ್ತಾರೆ, ಹೊಂಡದ ನೀರಿನ ಮಾತು ಇನ್ನೂ ಬಂದಿರುವುದಿಲ್ಲ. ಒಂದು ವಾಕ್ಯ ತೆಗೆದರೆ ನಿಮ್ಮ ಉತ್ತರಕ್ಕೆ ಧಕ್ಕೆಯಾಗದು ಎಂದಾದರೆ ಅದನ್ನು ತೆಗೆಯಿರಿ.

ಕರಡು ಬರೆಯುವಾಗ ತಿದ್ದಲು ನಿಲ್ಲಬೇಡಿ. ಇಸವಿ ಮರೆತಿದ್ದರೆ ಅಲ್ಲೊಂದು ಗೆರೆ ಎಳೆದು ಮುಂದೆ ಹೋಗಿ.

ನವೆಂಬರ್: ತಿದ್ದುವುದು

ಕರಡನ್ನು ಒಂದು ವಾರ ಮುಟ್ಟದೆ ಇಡಿ, ದೀಪಾವಳಿ ಅದಕ್ಕೆ ಸರಿಹೋಗುತ್ತದೆ. ಆಮೇಲೆ ಗಟ್ಟಿಯಾಗಿ ಓದಿ. ಉಸಿರು ಸಿಕ್ಕಿಕೊಳ್ಳುವ ಕಡೆ ವಾಕ್ಯ ಉದ್ದವಾಗಿದೆ ಎಂದರ್ಥ. ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನಷ್ಟೇ ಬೇರೆ ಹಾಳೆಗೆ ಇಳಿಸಿ ಓದಿದರೆ ವಾದದ ಎಳೆ ಎಲ್ಲಿ ಕಡಿದಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಮಾರ್ಗದರ್ಶಕ ಶಿಕ್ಷಕರಿಗೆ ಹತ್ತು ದಿನ ಕೊಡಿ, ಅವರ ಮೇಜಿನ ಮೇಲೆ ಇನ್ನೂ ನಲವತ್ತು ಮಕ್ಕಳ ಹಾಳೆಗಳಿರುತ್ತವೆ. 'ಹೇಗಿದೆ ಸರ್?' ಎಂದು ಕೇಳುವ ಬದಲು 'ಎರಡನೇ ಭಾಗದ ಸಾಕ್ಷ್ಯ ನನ್ನ ಉತ್ತರಕ್ಕೆ ಸಾಲುತ್ತದೆಯೇ?' ಎಂದು ಕೇಳಿ.

ತಡವಾಗಿದ್ದರೆ

ಇದನ್ನು ಓದುವಾಗಲೇ ಅಕ್ಟೋಬರ್ ಕೊನೆಯಾಗಿದ್ದರೆ ಹೆದರಬೇಡಿ. ಹಂತಗಳನ್ನು ಬಿಡಬೇಡಿ, ಪ್ರಶ್ನೆಯನ್ನು ಚಿಕ್ಕದು ಮಾಡಿ. ಅಣೆಕಟ್ಟೆಯ 89 ವರ್ಷ ಬಿಟ್ಟು ನಿಮ್ಮ ಊರ ಕೆರೆಯ ಐದು ವರ್ಷ ತೆಗೆದುಕೊಳ್ಳಿ. ಆರು ಆಕರದ ಬದಲು ಮೂರು, ಮೂರೂ ಒಂದೇ ಗ್ರಂಥಾಲಯದಲ್ಲಿ ಸಿಗುವಂಥವು. ಒಂದೇ ಸಂದರ್ಶನ, ಒಂದೇ ದಿನದ ಕ್ಷೇತ್ರಕಾರ್ಯ. ವಾರಕ್ಕೆ ಆರು ಗಂಟೆ ಕೊಟ್ಟರೆ ಆರು ವಾರಗಳಲ್ಲಿ 36 ಗಂಟೆ ಸಿಗುತ್ತದೆ, ಅಷ್ಟಕ್ಕೆ ಹೊಂದುವ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಬರೆಯಬಹುದು.

ಟೈಪಿಂಗ್ ಮತ್ತು ಮುದ್ರಣ: ಕೊನೆಯ ಹತ್ತು ದಿನ

ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಎದುರಾಗುವ ತೊಂದರೆ ಇಲ್ಲಿದೆ. ಮೊದಲಿನಿಂದಲೂ ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲುಗಳೂ ಓದಬಲ್ಲ ಅಕ್ಷರ ಸಂಕೇತದಲ್ಲೇ, ಟೈಪ್ ಮಾಡಿ. ಅರ್ಧ ಹಳೆಯ ನುಡಿ ಫಾಂಟಿನಲ್ಲಿ, ಅರ್ಧ ಮೊಬೈಲಿನ ಯೂನಿಕೋಡ್‌ನಲ್ಲಿ ಇದ್ದರೆ ಒಂದೆಡೆ ಸೇರಿಸಿದಾಗ ಅರ್ಧ ಪ್ರಬಂಧ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಪರಿವರ್ತಕ ಬಳಸಿದರೂ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ, ಸಾಲುಸಾಲಾಗಿ ಕೂತು ನೋಡಬೇಕು. ಮಾತಿನಿಂದ ಟೈಪ್ ಮಾಡಿದರೆ ವೇಗ ಸಿಗುತ್ತದೆ, ಆದರೆ ಊರಿನ ಹೆಸರು, ಅಲ್ಪಪ್ರಾಣ ಮಹಾಪ್ರಾಣ ಹೆಚ್ಚಾಗಿ ತಪ್ಪುತ್ತವೆ.

ಜೆರಾಕ್ಸ್ ಅಂಗಡಿಗೆ ವರ್ಡ್ ಫೈಲ್ ಒಯ್ಯಬೇಡಿ. ಅಲ್ಲಿನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಪುಟವೆಲ್ಲ ಸರಿದು ಕೋಷ್ಟಕ ಒಡೆಯುತ್ತದೆ. ಪಿಡಿಎಫ್ ಮಾಡಿ ಒಯ್ಯಿರಿ. ಮೊದಲು ಕೋಷ್ಟಕವಿರುವ ಒಂದು ಪುಟ, ಫೋಟೋ ಇರುವ ಒಂದು ಪುಟ ಮಾತ್ರ ತೆಗೆಸಿ, ಸರಿಯಿದ್ದರೆ ಉಳಿದದ್ದು. ಬೈಂಡಿಂಗ್‌ಗೆ ಎಡ ಅಂಚಿನಲ್ಲಿ ಒಂದೂವರೆ ಇಂಚು ಬಿಟ್ಟಿರಬೇಕು, ಇಲ್ಲದಿದ್ದರೆ ಪ್ರತಿ ಸಾಲಿನ ಮೊದಲಕ್ಷರ ಹೊಲಿಗೆಯೊಳಗೆ ಹೋಗುತ್ತದೆ. ಡಿಸೆಂಬರ್ 6ರೊಳಗೆ ಎರಡು ಪ್ರತಿ ತೆಗೆಸಿ ಒಂದನ್ನು ಮನೆಯಲ್ಲಿಡಿ. ಅದೇ ಸಂಜೆ ಪಿಡಿಎಫ್ ಅನ್ನು ಮಾರ್ಗದರ್ಶಕರಿಗೂ ಮನೆಯ ಇನ್ನೊಂದು ಮೊಬೈಲಿಗೂ ಕಳಿಸಿ.